ಔಷಧಿ ಪ್ರೋಟೀನಿಗೆ ಸರಿಯಾದ ಸಕ್ಕರೆ: ಚೋ ಕೋಶ ತಿದ್ದಲು ಹೊರಟವರಿಗೆ ಒಂದು ಮಾರ್ಗದರ್ಶಿ

ಚಿಕ್ಕ ಅಳುವಾರದಲ್ಲೋ ಮೈಸೂರಿನಲ್ಲೋ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಓದುವ ನಮ್ಮ ಕೊಡಗಿನ ಮಕ್ಕಳು ಪ್ರಾಜೆಕ್ಟ್ ಹುಡುಕಿಕೊಂಡು ಬೆಂಗಳೂರಿಗೆ ಹೊರಡುವಾಗ ಹೆಚ್ಚಾಗಿ ಕೇಳೋದು ಒಂದೇ ಪ್ರಶ್ನೆ. "ಕ್ರಿಸ್ಪರ್ ಎಲ್ಲಿ ಕಲಿಸ್ತಾರೆ?" ಜೀನ್ ಕತ್ತರಿಸುವ ಈ ಕ್ರಿಸ್ಪರ್ ವಿಧಾನ ಕೈಗೆ ಹತ್ತೋದು ಅಂಥಾ ಕಷ್ಟದ ಮಾತಲ್ಲ. ಒಳ್ಳೆಯ ಲ್ಯಾಬ್ ಸಿಕ್ಕರೆ ಕೆಲವು ವಾರ ಸಾಕು. ಯಾವ ಜೀನ್ ಕತ್ತರಿಸಬೇಕು, ಯಾಕೆ ಕತ್ತರಿಸಬೇಕು ಅನ್ನೋದನ್ನು ತೀರ್ಮಾನಿಸೋದೇ ಕಷ್ಟ.

ಈ ಲೇಖನ ಅಂಥವರಿಗಾಗಿ. ಸಸ್ತನಿ ಕೋಶಗಳಲ್ಲಿ, ಹೆಚ್ಚಾಗಿ ಚೋ ಅನ್ನುವ ಹ್ಯಾಮ್‌ಸ್ಟರ್ ಕೋಶದಲ್ಲಿ, ತಯಾರಾಗುವ ಔಷಧಿ ಪ್ರೋಟೀನುಗಳ ಮೇಲೆ ಸಕ್ಕರೆ ಕೂಡಿಕೊಂಡಿರುತ್ತೆ. ಆ ಸಕ್ಕರೆಯನ್ನು ನಮಗೆ ಬೇಕಾದ ಹಾಗೆ ತಿದ್ದುವ ಕೆಲಸವನ್ನು ಹೇಗೆ ಯೋಚಿಸಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ. ನನ್ನ ಒತ್ತಾಯ ಒಂದೇ: ಜೀನಿನಿಂದ ಶುರು ಮಾಡಬೇಡಿ, ಔಷಧಿಯಿಂದ ಶುರು ಮಾಡಿ. ರೋಗಿಯ ಮೈಯಲ್ಲಿ ಆ ಔಷಧಿ ಏನು ಕೆಲಸ ಮಾಡಬೇಕು ಅಂತ ಗೊತ್ತಾದರೆ, ಯಾವ ಸಕ್ಕರೆ ಬೇಕು, ಯಾವುದು ಬೇಡ ಅಂತ ತಾನಾಗಿ ಗೊತ್ತಾಗುತ್ತೆ.

ಸಕ್ಕರೆ ಅಷ್ಟು ಮುಖ್ಯವೇ?

ಭಾಗಮಂಡಲದ ಕಡೆಯ ಒಬ್ಬ ಕಿಡ್ನಿ ರೋಗಿಯನ್ನು ನೆನೆಸಿಕೊಳ್ಳಿ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಆದರೆ ಕಿಡ್ನಿ ಸೋತಿದೆ, ಹಾಗಾಗಿ ಮೈಯಲ್ಲಿ ರಕ್ತ ಕಮ್ಮಿ. ಅವರಿಗೆ ರಕ್ತಕಣ ಹೆಚ್ಚಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ ಬೇಕು. ಮೊದಲ ತಲೆಮಾರಿನ ಔಷಧಿಯಾದರೆ ವಾರಕ್ಕೆ ಒಂದರಿಂದ ಮೂರು ಸಲ ಚುಚ್ಚಿಸಿಕೊಳ್ಳಬೇಕು. ಜುಲೈ ಮಳೆಯಲ್ಲಿ ಅದಕ್ಕಾಗಿ ಮಡಿಕೇರಿಗೆ ಹೋಗಿ ಬರೋದು ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪ್ರೋಟೀನಿನಲ್ಲಿ ಕೆಲವು ಅಮೈನೋ ಆಮ್ಲ ಬದಲಿಸಿ, ಇನ್ನೂ ಎರಡು ಸಕ್ಕರೆ ಸರಪಳಿ ಕೂರುವ ಹಾಗೆ ಮಾಡಿದ ಔಷಧಿ ಡಾರ್ಬೆಪೊಯೆಟಿನ್. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ರಕ್ತದಲ್ಲಿ ಅದು ಉಳಿಯುವ ಸಮಯ ಹಳೆಯದಕ್ಕಿಂತ ಸುಮಾರು ಮೂರು ಪಟ್ಟು. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಕೊಟ್ಟರೆ ನಡೆಯುತ್ತೆ, ಕೆಲವರಿಗೆ ಇನ್ನೂ ಅಪರೂಪಕ್ಕೆ ಸಾಕು. ಆ ಪ್ರಯಾಣಗಳನ್ನು ಕಮ್ಮಿ ಮಾಡಿದ್ದು ಹೆಚ್ಚಾಗಿ ಸಕ್ಕರೆಯೇ.

ಇದರ ಹಿಂದಿನ ಕಾರಣ ಸರಳ. ಸಕ್ಕರೆ ಸರಪಳಿಯ ತುದಿಯಲ್ಲಿ ಸಯಾಲಿಕ್ ಆಮ್ಲ ಇರಬೇಕು. ಅದು ಇಲ್ಲದಿದ್ದರೆ ಅದರ ಕೆಳಗಿನ ಗ್ಯಾಲಕ್ಟೋಸ್ ಬಯಲಾಗುತ್ತೆ. ಲಿವರಿನ ಕೋಶಗಳ ಮೇಲೆ ಬಯಲಾದ ಗ್ಯಾಲಕ್ಟೋಸನ್ನೇ ಹಿಡಿಯುವ ಒಂದು ರಿಸೆಪ್ಟರ್ ಇದೆ. ಆಶ್‌ವೆಲ್ ಮತ್ತು ಮೊರೆಲ್ ಕಂಡುಹಿಡಿದದ್ದು. ಅದು ಪ್ರೋಟೀನನ್ನು ರಕ್ತದಿಂದ ಎಳೆದು ಒಳಗೆ ಹಾಕಿಕೊಂಡು ಮುರಿದುಬಿಡುತ್ತೆ. ಎರಿತ್ರೋಪೊಯೆಟಿನ್‌ನಲ್ಲಿ 165 ಅಮೈನೋ ಆಮ್ಲಗಳಿವೆ. ಆಸ್ಪರಜೀನಿನ ಮೇಲೆ ಕೂತ ಮೂರು ಎನ್ ಸರಪಳಿ, ಸೆರಿನ್ ಮೇಲೆ ಕೂತ ಒಂದು ಒ ಸರಪಳಿ. ಅದರ ತೂಕದಲ್ಲಿ ಸುಮಾರು 40% ಸಕ್ಕರೆಯೇ! ಇಷ್ಟು ದೊಡ್ಡ ಭಾಗವನ್ನು "ಅಲಂಕಾರ" ಅಂತ ತಳ್ಳಿಹಾಕಿದರೆ ಹೇಗೆ?

ಈ ಸಕ್ಕರೆಯನ್ನು ಜೀನ್ ನೇರವಾಗಿ ಬರೆಯೋದಿಲ್ಲ ಅನ್ನೋದನ್ನು ಗಟ್ಟಿಯಾಗಿ ನೆನಪಿಡಿ. ಡಿಎನ್ಎ ನೋಡಿದರೆ ಸಕ್ಕರೆ ಎಲ್ಲಿ ಕೂರಬಹುದು ಅಂತ ಮಾತ್ರ ಊಹಿಸಬಹುದು: ಆಸ್ಪರಜೀನ್, ಆಮೇಲೆ ಪ್ರೋಲಿನ್ ಬಿಟ್ಟು ಯಾವುದಾದರೂ ಒಂದು, ಆಮೇಲೆ ಸೆರಿನ್ ಅಥವಾ ಥ್ರಿಯೊನಿನ್. ಅಲ್ಲಿ ಯಾವ ಸಕ್ಕರೆ ಕೂರುತ್ತೆ ಅನ್ನೋದು ಕೋಶದ ಕಿಣ್ವಗಳ ಮೇಲೆ, ಕೋಶದೊಳಗೆ ಸಕ್ಕರೆ ಜೋಡಿಸುವ ಗಾಲ್ಜಿಯ ಸ್ಥಿತಿಯ ಮೇಲೆ, ಕೋಶ ಬೆಳೆಸಲು ನೀವು ಹಾಕಿದ ಮೀಡಿಯಂ ಮೇಲೆ ನಿಂತಿದೆ. ನಮ್ಮ ಕಾಫಿಯಲ್ಲೂ ಹೀಗೇ ಅಲ್ವಾ? ಒಂದೇ ಗಿಡದ ಹಣ್ಣನ್ನು ಪಲ್ಪ್ ಮಾಡಿ ತೊಳೆದು ಪಾರ್ಚ್‌ಮೆಂಟ್ ಮಾಡಿದರೆ ಒಂದು ರುಚಿ, ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿದರೆ ಇನ್ನೊಂದು ರುಚಿ.

ಮೊದಲ ಹೆಜ್ಜೆ: ಯಾವ ಸಕ್ಕರೆ ಬೇಕು ಅಂತ ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಔಷಧಿಯ ಹೆಸರು ಬರೆಯಿರಿ. ಅದು ಯಾವ ಕೋಶಕ್ಕೆ ತಲುಪಬೇಕು, ರಕ್ತದಲ್ಲಿ ಎಷ್ಟು ಹೊತ್ತು ಇರಬೇಕು, ಯಾವುದಾದರೂ ಕೋಶವನ್ನು ಕೊಲ್ಲಬೇಕಾ ಅಥವಾ ಸುಮ್ನೆ ತಡೆದರೆ ಸಾಕಾ ಅಂತ ಬರೆಯಿರಿ. ಉತ್ತರ ಬದಲಾದರೆ ಬೇಕಾದ ಸಕ್ಕರೆಯೂ ಬದಲಾಗುತ್ತೆ.

ಎರಿತ್ರೋಪೊಯೆಟಿನ್ ಥರದ ಹಾರ್ಮೋನ್ ರಕ್ತದಲ್ಲಿ ಜಾಸ್ತಿ ಹೊತ್ತು ಇರಬೇಕು. ಅದಕ್ಕೆ ಸಯಾಲಿಕ್ ಆಮ್ಲ ತುಂಬಿರಬೇಕು.

ಕ್ಯಾನ್ಸರ್ ಕೋಶವನ್ನು ಕೊಲ್ಲಿಸುವ ಆಂಟಿಬಾಡಿಯ ವಿಷಯ ಬೇರೆ. ಅದರ ಬಾಲದ ಭಾಗದಲ್ಲಿ, ಪ್ರತಿ ಹೆವಿ ಚೈನಿನ 297ನೇ ಆಸ್ಪರಜೀನಿನ ಮೇಲೆ ಒಂದು ಸಕ್ಕರೆ ಸರಪಳಿ ಇದೆ. ಆ ಸರಪಳಿಯ ಬುಡದಲ್ಲಿ ಫ್ಯೂಕೋಸ್ ಅನ್ನುವ ಒಂದು ಸಣ್ಣ ಸಕ್ಕರೆ ಇರುತ್ತೆ. ಆ ಒಂದು ಫ್ಯೂಕೋಸ್ ತೆಗೆದರೆ, ರೋಗದ ಕೋಶಗಳನ್ನು ಕೊಲ್ಲುವ ನಮ್ಮ ಎನ್‌ಕೆ ಕೋಶಗಳ ಮೇಲಿನ ಎಫ್‌ಸಿ ಗ್ಯಾಮಾ 3ಎ ರಿಸೆಪ್ಟರಿಗೆ ಆಂಟಿಬಾಡಿ ಹಿಡಿದುಕೊಳ್ಳುವ ಬಲ 50 ಪಟ್ಟು ತನಕ ಏರಬಹುದು ಅಂತ 2002ರಲ್ಲೇ ತೋರಿಸಿದ್ದಾರೆ. ಎನ್‌ಕೆ ಕೋಶ ಆಗ ಕ್ಯಾನ್ಸರ್ ಕೋಶವನ್ನು ಜೋರಾಗಿ ಕೊಲ್ಲುತ್ತೆ. ಜಪಾನಿನಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಮೊಗಮುಲಿಜುಮ್ಯಾಬ್ ಈ ದಾರಿಯಲ್ಲಿ ಬಂದದ್ದು. ಆಸ್ತಮಾಕ್ಕೆ ಕೊಡುವ ಬೆನ್ರಾಲಿಜುಮ್ಯಾಬ್ ಕೂಡ. 2013ರ ಒಬಿನುಟುಜುಮ್ಯಾಬ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಫ್ಯೂಕೋಸ್ ಸೇರಿಸುವ ಜೀನನ್ನು ಮುಟ್ಟಲಿಲ್ಲ. ಬದಲಿಗೆ ಸರಪಳಿಯ ನಡುವೆ ಒಂದು ಹೆಚ್ಚಿನ ಸಕ್ಕರೆ ಕೂರಿಸುವ ಜಿಎನ್‌ಟಿ-3 ಕಿಣ್ವವನ್ನು ಹೆಚ್ಚು ಮಾಡಿದರು. ಅದು ಕೂತ ಮೇಲೆ ಫ್ಯೂಕೋಸ್ ಕೂರೋದು ಕಷ್ಟವಾಗುತ್ತೆ.

ಆದರೆ ನಿಮ್ಮ ಆಂಟಿಬಾಡಿ ಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ಸೈಟೋಕೈನನ್ನು ಹಿಡಿದು ತಡೆಯೋದಷ್ಟೇ ಮಾಡಬೇಕಾದರೆ? ಆಗ ಫ್ಯೂಕೋಸ್ ತೆಗೆದು ಲಾಭವಿಲ್ಲ. ಬೇಡದ ಕಡೆ ಕೊಲ್ಲುವ ಶಕ್ತಿ ಕೊಟ್ಟ ಹಾಗಾಗುತ್ತೆ. ಫ್ಯೂಕೋಸ್ ತೆಗೆಯೋದೇ "ಸುಧಾರಣೆ" ಅಂತ ಅಂದುಕೊಂಡು ಬರುವ ವಿದ್ಯಾರ್ಥಿಗಳು ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಮೂರನೆಯದು ನನಗೆ ತುಂಬ ಇಷ್ಟವಾದ ಉದಾಹರಣೆ. ಗೋಶೆ ಕಾಯಿಲೆಯಲ್ಲಿ ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶಗಳ ಒಳಗೆ ಒಂದು ಕಿಣ್ವದ ಕೊರತೆ ಇರುತ್ತೆ. ಔಷಧಿ ಅಲ್ಲಿಗೇ ಹೋಗಬೇಕು. ಮ್ಯಾಕ್ರೋಫೇಜಿನ ಮೇಲೆ ಮ್ಯಾನೋಸ್ ಹಿಡಿಯುವ ರಿಸೆಪ್ಟರ್ ಇದೆ. ಹಾಗಾಗಿ ಇಲ್ಲಿ ಸಯಾಲಿಕ್ ಆಮ್ಲ ಬೇಡವೇ ಬೇಡ, ಮ್ಯಾನೋಸ್ ಬಯಲಾಗಿರಬೇಕು. ಆ ಕಿಣ್ವದ ಔಷಧಿ ರೂಪವಾದ ಇಮಿಗ್ಲುಸರೇಸ್ ಅನ್ನು ಚೋ ಕೋಶದಲ್ಲಿ ಮಾಡಿ, ಆಮೇಲೆ ಕಿಣ್ವಗಳಿಂದ ಹೊರಗಿನ ಸಕ್ಕರೆಗಳನ್ನು ಒಂದೊಂದಾಗಿ ಕೆರೆದು ತೆಗೆಯುತ್ತಾರೆ. ವೆಲಾಗ್ಲುಸರೇಸ್ ತಯಾರಿಕೆಯಲ್ಲಿ ಮಾನವ ಕೋಶಕ್ಕೆ ಕಿಫುನೆನ್ಸಿನ್ ಅನ್ನುವ ತಡೆಕಾರಕ ಹಾಕಿ ಮ್ಯಾನೋಸ್ ಹಂತದಲ್ಲೇ ನಿಲ್ಲಿಸುತ್ತಾರೆ. ಟಾಲಿಗ್ಲುಸರೇಸ್ ಬರೋದು ಕ್ಯಾರೆಟ್ ಕೋಶದಿಂದ. ಒಂದೇ ಗುರಿ, ಮೂರು ದಾರಿ. ಇವುಗಳಲ್ಲಿ ಯಾವುದಕ್ಕೂ ಕೋಶದ ಸಕ್ಕರೆ ಜೀನನ್ನು ಕತ್ತರಿಸಬೇಕಾಗಲಿಲ್ಲ.

ಬೇಡದ ಸಕ್ಕರೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮುಖ್ಯವಾದವು ಎರಡು: ಆಲ್ಫಾ ಗ್ಯಾಲ್ ಮತ್ತು ಎನ್ ಗ್ಲೈಕೊಲಿಲ್ ಸಯಾಲಿಕ್ ಆಮ್ಲ. ಇವನ್ನು ಮಾಡುವ ಜೀನ್ ಮನುಷ್ಯರಲ್ಲಿ ಕೆಟ್ಟುಹೋಗಿದೆ, ಹಾಗಾಗಿ ನಮ್ಮ ಮೈ ಅವನ್ನು ಪರಕೀಯ ಅಂತ ನೋಡುತ್ತೆ. ಇಲಿಯ ಎಸ್‌ಪಿ2/0, ಎನ್ಎಸ್0 ಕೋಶಗಳು ಇವನ್ನು ಧಾರಾಳವಾಗಿ ಮಾಡುತ್ತವೆ. ಎಸ್‌ಪಿ2/0 ಕೋಶದಲ್ಲಿ ಮಾಡಿದ ಸೆಟುಕ್ಸಿಮ್ಯಾಬ್ ಕೊಟ್ಟಾಗ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಹಲವರಿಗೆ ತೀವ್ರ ಅಲರ್ಜಿ ಆಯಿತು. ಅವರ ರಕ್ತದಲ್ಲಿ ಔಷಧಿ ಕೊಡುವ ಮೊದಲೇ ಆಲ್ಫಾ ಗ್ಯಾಲ್ ವಿರುದ್ಧ ಅಲರ್ಜಿ ತರುವ ಐಜಿಇ ಆಂಟಿಬಾಡಿ ಇತ್ತು ಅಂತ 2008ರಲ್ಲಿ ಗೊತ್ತಾಯಿತು. ಅದು ಬಂದದ್ದು ಅಲ್ಲಿನ ಒಂದು ಜಾತಿಯ ಉಣುಗು ಕಚ್ಚಿದ್ದರಿಂದ ಅಂತ ಆಮೇಲೆ ತಿಳಿಯಿತು. ತೋಟದಲ್ಲಿ ಉಣುಗು ಕಚ್ಚಿಸಿಕೊಂಡು ಬೆಳೆದ ನಮಗೆ ಇದು ದೂರದ ಕಥೆ ಅನ್ನಿಸಬಾರದು. ಔಷಧಿ ಯಾರಿಗೆ ಹೋಗುತ್ತೆ, ಅವರು ಎಲ್ಲಿ ಬದುಕುತ್ತಾರೆ ಅನ್ನೋದೂ ಸಕ್ಕರೆಯ ಲೆಕ್ಕದಲ್ಲಿ ಬರುತ್ತೆ.

ಎರಡನೇ ಹೆಜ್ಜೆ: ಕೋಶದ ಪರಿಚಯ

ಹೆಚ್ಚಿನವರು ಬಳಸೋದು ಚೈನೀಸ್ ಹ್ಯಾಮ್‌ಸ್ಟರ್ ಅಂಡಾಶಯದ ಕೋಶ. ಲ್ಯಾಬಿನಲ್ಲಿ ಎಲ್ಲರೂ ಚೋ ಅಂತಾರೆ. 1957ರಲ್ಲಿ ಥಿಯೋಡೋರ್ ಪಕ್ ಬೇರ್ಪಡಿಸಿದ್ದು. ಇದರಲ್ಲಿ ಮಾಡಿದ ಮೊದಲ ಔಷಧಿ, ರಕ್ತದ ಹೆಪ್ಪು ಕರಗಿಸುವ ಟಿಪಿಎಗೆ 1987ರಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಸಕ್ಕರೆ ಮನುಷ್ಯರ ಸಕ್ಕರೆಗೆ ಸಾಕಷ್ಟು ಹತ್ತಿರ. ಆಲ್ಫಾ ಗ್ಯಾಲ್, ಎನ್ ಗ್ಲೈಕೊಲಿಲ್ ಎರಡೂ ತೀರಾ ಕಮ್ಮಿ. ಆದರೂ ಕ್ಲೋನಿನಿಂದ ಕ್ಲೋನಿಗೆ (ಒಂದೇ ಕೋಶದಿಂದ ಬೆಳೆದ ಕುಲಕ್ಕೆ ಕ್ಲೋನ್ ಅಂತಾರೆ) ವ್ಯತ್ಯಾಸ ಇರೋದರಿಂದ ಅಳೆದೇ ನೋಡಬೇಕು. ಇನ್ನೊಂದು ದೊಡ್ಡ ವ್ಯತ್ಯಾಸ ಸಯಾಲಿಕ್ ಆಮ್ಲದ ಜೋಡಣೆಯಲ್ಲಿದೆ. ಮನುಷ್ಯರಲ್ಲಿ ಅದು ಆಲ್ಫಾ 2,3 ಮತ್ತು ಆಲ್ಫಾ 2,6 ಎರಡೂ ರೀತಿ ಇರುತ್ತೆ. ಚೋ ಕೋಶದಲ್ಲಿ ಆಲ್ಫಾ 2,6 ಜೋಡಿಸುವ ಎಸ್‌ಟಿ6ಗ್ಯಾಲ್1 ಜೀನ್ ಕೆಲಸ ಮಾಡೋದಿಲ್ಲ, ಹಾಗಾಗಿ ಆಲ್ಫಾ 2,3 ಮಾತ್ರ.

ಚೋ-ಕೆ1 ಕೋಶ ಪುಣೆಯ ಎನ್‌ಸಿಸಿಎಸ್ ಕೋಶ ಭಂಡಾರದಿಂದ ಸಿಗುತ್ತೆ. ಅದಕ್ಕೆ ಪ್ರೋಲಿನ್ ಬೇಕೇ ಬೇಕು, ತಾನೇ ಮಾಡಿಕೊಳ್ಳಲಾರದು. ಸಾಮಾನ್ಯ ಡಿಎಂಇಎಂ ಮೀಡಿಯಂನಲ್ಲಿ ಪ್ರೋಲಿನ್ ಇಲ್ಲ. ಎಫ್-12 ಮೀಡಿಯಂ ಬಳಸಿ. ಬಂದ ದಿನವೇ ಮೈಕೋಪ್ಲಾಸ್ಮಾ (ಕೋಶಕ್ಕೆ ಅಂಟುವ ಅತಿ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಪರೀಕ್ಷೆ ಪಾಸಾದ ಕೋಶದ ಹತ್ತಿಪ್ಪತ್ತು ವಯಲ್ ತಕ್ಷಣ ದ್ರವ ಸಾರಜನಕದಲ್ಲಿ ಇಡಿ. ಮುಂದೆ ಎಲ್ಲ ಹೋಲಿಕೆಗೂ ಇದೇ ತಾಯಿ ಕೋಶ ಬೇಕು.

ಮೂರನೇ ಹೆಜ್ಜೆ: ಜೀನ್ ಮುಟ್ಟುವ ಮೊದಲು ಮೀಡಿಯಂ ತಿದ್ದಿ ನೋಡಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಹಾರಿಸಬೇಡಿ.

ಗ್ಯಾಲಕ್ಟೋಸ್ ಕಮ್ಮಿ ಇದೆಯಾ? ಗ್ಯಾಲಕ್ಟೋಸ್ ಸೇರಿಸುವ ಕಿಣ್ವಕ್ಕೆ ಮ್ಯಾಂಗನೀಸ್ ಬೇಕು. ಅದಕ್ಕೆ ಕಚ್ಚಾ ಸಾಮಗ್ರಿ ಯುಡಿಪಿ ಗ್ಯಾಲಕ್ಟೋಸ್. ಮೀಡಿಯಂಗೆ ಯುರಿಡಿನ್, ಮ್ಯಾಂಗನೀಸ್ ಕ್ಲೋರೈಡ್, ಗ್ಯಾಲಕ್ಟೋಸ್ ಮೂರನ್ನೂ ಒಟ್ಟಿಗೆ ಕೊಟ್ಟರೆ ಆಂಟಿಬಾಡಿಯ ಗ್ಯಾಲಕ್ಟೋಸ್ ಏರುತ್ತೆ. ಮ್ಯಾಂಗನೀಸ್ ಜಾಸ್ತಿಯಾದರೆ ವಿಷ, ಹಾಗಾಗಿ ಮೈಕ್ರೋಮೋಲಾರ್ ಮಟ್ಟದಲ್ಲೇ ಇರಲಿ.

ಸಯಾಲಿಕ್ ಆಮ್ಲ ಕಮ್ಮಿ ಇದೆಯಾ? ಮೊದಲು ಅಮೋನಿಯಾ ಅಳೆಯಿರಿ. ಗ್ಲುಟಮಿನ್ ಒಡೆದು ಅಮೋನಿಯಾ ಸೇರಿಕೊಂಡರೆ ಗಾಲ್ಜಿಯ ಪಿಎಚ್ ಏರಿ ಸಯಾಲಿಕ್ ಸೇರಿಸುವ ಕಿಣ್ವ ನಿಧಾನವಾಗುತ್ತೆ. ಆಮೇಲೆ ಹಾರ್ವೆಸ್ಟ್, ಅಂದರೆ ಪ್ರೋಟೀನ್ ತೆಗೆಯೋದು, ಯಾವಾಗ ಮಾಡಿದಿರಿ ನೋಡಿ. ಕೋಶಗಳು ಸತ್ತು ಒಡೆದಾಗ ಅವುಗಳೊಳಗಿನ ಸಯಾಲಿಡೇಸ್ ಹೊರಗೆ ಬಂದು, ಕಷ್ಟಪಟ್ಟು ಕೂರಿಸಿದ ಸಯಾಲಿಕ್ ಆಮ್ಲವನ್ನು ಕತ್ತರಿಸಿಹಾಕುತ್ತೆ. ಬದುಕಿರುವ ಕೋಶಗಳ ಪ್ರಮಾಣ ಬೀಳುವ ಮೊದಲೇ ಹಾರ್ವೆಸ್ಟ್ ಮಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ. ಸಯಾಲಿಕ್ ಆಮ್ಲದ ಕಚ್ಚಾ ಸಾಮಗ್ರಿಯಾದ ಎನ್ ಅಸಿಟೈಲ್ ಮ್ಯಾನೋಸಮಿನ್ ಕೊಟ್ಟು ನೋಡೋದೂ ಒಂದು ದಾರಿ.

ಫ್ಯೂಕೋಸ್ ತೆಗೆದರೆ ಆಂಟಿಬಾಡಿ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತಾ ಅಂತ ಪರೀಕ್ಷಿಸಲು 2-ಫ್ಲೋರೋ ಫ್ಯೂಕೋಸ್ ತಡೆಕಾರಕ ಸಾಕು. ತಾತ್ಕಾಲಿಕವಾಗಿ ಫ್ಯೂಕೋಸ್ ಇಳಿಸಿ, ಆಂಟಿಬಾಡಿ ಶುದ್ಧ ಮಾಡಿ, ಎನ್‌ಕೆ ಕೋಶದ ಪರೀಕ್ಷೆ ಮಾಡಿ. ಲಾಭ ಕಾಣದಿದ್ದರೆ ಜೀನ್ ಕತ್ತರಿಸುವ ತಿಂಗಳುಗಳು ಉಳಿದವು.

ನಾಲ್ಕನೇ ಹೆಜ್ಜೆ: ಅನುಮತಿ

ಜೀನ್ ತಿದ್ದುವ ಕೆಲಸ ಭಾರತದ 1989ರ ನಿಯಮಗಳ ಅಡಿಯಲ್ಲಿ ಬರುತ್ತೆ. ಕೆಲಸ ನಡೆಯುವ ಸಂಸ್ಥೆಯಲ್ಲಿ ಐಬಿಎಸ್‌ಸಿ ಅನ್ನುವ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ನಿಮ್ಮ ಗೈಡ್ ಪ್ರಾಜೆಕ್ಟನ್ನು ಅಲ್ಲಿ ದಾಖಲಿಸಿದ್ದಾರಾ ಅಂತ ಕೋಶ ಮುಟ್ಟುವ ಮೊದಲು ಕೇಳಿ. ಇದನ್ನು ಕೇಳಲು ಸಂಕೋಚ ಬೇಡ.

ಐದನೇ ಹೆಜ್ಜೆ: ವಿನ್ಯಾಸ, ಇದು ಮನೆಯಲ್ಲೇ ಆಗುತ್ತೆ

ಇದಕ್ಕೆ ಬೆಂಗಳೂರು ಬೇಕಾಗಿಲ್ಲ. ಸೋಮವಾರಪೇಟೆಯಲ್ಲಿ ಕೂತು ಮಾಡಬಹುದು. ಚೋ-ಕೆ1 ಕೋಶದ ಜೀನೋಮ್ 2011ರಿಂದ ಎಲ್ಲರಿಗೂ ಸಿಗುತ್ತಿದೆ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುವ ಊರಿನವರು ಬೇಕಾದ ಜೀನಿನ ಸೀಕ್ವೆನ್ಸನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಕಲಿಯುವವರಿಗೆ ಎಫ್‌ಯುಟಿ8 ಜೀನಿಗಿಂತ ಒಳ್ಳೆಯ ಆರಂಭ ಇಲ್ಲ ಅಂತ ನನ್ನ ಅಭಿಪ್ರಾಯ. ಬುಡದ ಫ್ಯೂಕೋಸ್ ಕೂರಿಸುವ ಕಿಣ್ವ ಇದೊಂದೇ. ಬೇರೆ ಜೀನ್ ಬಂದು ಅದರ ಕೆಲಸ ತುಂಬೋದಿಲ್ಲ. ಜಪಾನಿನ ಕ್ಯೋವಾ ಹಕ್ಕೋ ಕಂಪನಿಯವರು 2004ರಲ್ಲಿ ಇದನ್ನು ಪೂರ್ತಿ ತೆಗೆದ ಚೋ ಕೋಶವನ್ನು ತೋರಿಸಿದರು. ಆಗ ಕ್ರಿಸ್ಪರ್ ಇರಲಿಲ್ಲ, ಹಳೆಯ ವಿಧಾನದಲ್ಲಿ ಜೀನಿನ ಎರಡು ಪ್ರತಿಗಳಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ತೆಗೆಯಬೇಕಿತ್ತು. ಅಂಥಾ ಕಷ್ಟದ ಕೆಲಸ ಈಗ ವಿದ್ಯಾರ್ಥಿಗಳ ಕೈಗೆ ಎಟುಕುತ್ತಿದೆ ಅನ್ನೋದು ನನಗೆ ನಿಜವಾಗಿ ಸಂತೋಷ ಕೊಡುವ ವಿಷಯ.

ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಗೈಡ್ ಆರ್‌ಎನ್ಎ 20 ಅಕ್ಷರ. ಡಿಎನ್ಎಯಲ್ಲಿ ಅದು ಕೂರುವ ಜಾಗದ ಪಕ್ಕದಲ್ಲಿ ಎನ್‌ಜಿಜಿ (ಎನ್ ಅಂದರೆ ಯಾವ ಅಕ್ಷರವಾದರೂ ಸರಿ) ಇರಬೇಕು. ಕತ್ತರಿಸುವ ಕಿಣ್ವ ಕ್ಯಾಸ್9 ಅದರಿಂದ ಮೂರು ಅಕ್ಷರ ಒಳಗೆ ಕತ್ತರಿಸುತ್ತೆ. ಜೀನಿನ ಶುರುವಿನ ಎಕ್ಸಾನ್‌ಗಳಲ್ಲಿ (ಪ್ರೋಟೀನಿನ ಮಾಹಿತಿ ಇರುವ ಭಾಗಗಳಲ್ಲಿ) ಎರಡು ಮೂರು ಗೈಡ್ ಆರಿಸಿ. ಆರ್ಡರ್ ಮಾಡುವ ಮೊದಲು ನಿಮ್ಮ ಕೈಯಲ್ಲಿರುವ ಕೋಶದ ಅದೇ ಎಕ್ಸಾನನ್ನು ಪಿಸಿಆರ್ ಮಾಡಿಸಿ ಓದಿಸಿ. ಚೋ ಕೋಶದ ವಂಶಗಳ ನಡುವೆ ವ್ಯತ್ಯಾಸ ಬಹಳ. ಡೇಟಾಬೇಸಿನಲ್ಲಿ ಇರೋದೇ ನಿಮ್ಮ ಕೋಶದಲ್ಲೂ ಇದೆ ಅಂತ ನಂಬಬೇಡಿ.

ಆರನೇ ಹೆಜ್ಜೆ: ಕತ್ತರಿಸೋದು

ಕ್ಯಾಸ್9 ಪ್ರೋಟೀನ್ ಮತ್ತು ಗೈಡನ್ನು ಮೊದಲೇ ಬೆರೆಸಿ ಎಲೆಕ್ಟ್ರೋಪೊರೇಶನ್ (ವಿದ್ಯುತ್ ಹೊಡೆತ) ಮೂಲಕ ಒಳಗೆ ಕಳಿಸೋದು ನನ್ನ ಆಯ್ಕೆ. ಅವನ್ನು ಡಿಎನ್ಎ ಉಂಗುರವಾಗಿ ಕೊಡುವ ಪ್ಲಾಸ್ಮಿಡ್ ಅಗ್ಗ ನಿಜ. ಆದರೆ ಅದರ ತುಂಡು ಜೀನೋಮಿನಲ್ಲಿ ಸೇರಿಕೊಳ್ಳಬಹುದು, ಕ್ಯಾಸ್9 ಜಾಸ್ತಿ ದಿನ ಇದ್ದು ಬೇರೆ ಕಡೆಯೂ ಕತ್ತರಿಸಬಹುದು. ಪ್ರೋಟೀನ್ ಒಂದೆರಡು ದಿನದಲ್ಲಿ ಕರಗಿಹೋಗುತ್ತೆ. ಗೈಡ್ ಇಲ್ಲದ ಕ್ಯಾಸ್9 ಹಾಕಿದ ಒಂದು ಕಂಟ್ರೋಲ್ ಇರಲೇಬೇಕು.

ಮೂರನೇ ದಿನ ಸ್ವಲ್ಪ ಕೋಶದಿಂದ ಡಿಎನ್ಎ ತೆಗೆದು ಸ್ಯಾಂಗರ್ ಸೀಕ್ವೆನ್ಸಿಂಗಿಗೆ ಕಳಿಸಿ. ಕಡಿತ ಎಷ್ಟು ಶೇಕಡಾ ಆಗಿದೆ ಅಂತ ಅದರಿಂದ ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರ್‌ಗಳಿವೆ. ಆದರೆ ಸಕ್ಕರೆ ನೋಡಲು ಅವಸರ ಮಾಡಬೇಡಿ. ಜೀನ್ ಹೋದರೂ ಮೊದಲೇ ತಯಾರಾದ ಕಿಣ್ವ, ಮೊದಲೇ ಕೋಶದ ಮೇಲೆ ಕೂತ ಸಕ್ಕರೆ ಇನ್ನೂ ಇರುತ್ತೆ. ಒಂದು ವಾರ ಬೆಳೆಯಲು ಬಿಡಿ.

ಏಳನೇ ಹೆಜ್ಜೆ: ಮಸೂರ ಬೇಳೆಯ ಸಹಾಯ

ಈ ಇಡೀ ಕೆಲಸದಲ್ಲಿ ನನಗೆ ಅತಿ ಸುಂದರ ಅನ್ನಿಸೋದು ಇದೇ ಹೆಜ್ಜೆ. ಮಸೂರ ಬೇಳೆಯಲ್ಲಿ ಎಲ್‌ಸಿಎ ಅನ್ನುವ ಲೆಕ್ಟಿನ್, ಅಂದರೆ ಸಕ್ಕರೆ ಹಿಡಿಯುವ ಪ್ರೋಟೀನ್, ಇದೆ. ಅದು ಬುಡದಲ್ಲಿ ಫ್ಯೂಕೋಸ್ ಇರುವ ಎನ್ ಸರಪಳಿಗಳನ್ನು ಹುಡುಕಿ ಹಿಡಿಯುತ್ತೆ. ಸಾಕಷ್ಟು ಹಿಡಿದರೆ ಕೋಶ ಸಾಯುತ್ತೆ. ಎಫ್‌ಯುಟಿ8 ಪೂರ್ತಿ ಹೋದ ಕೋಶದ ಮೇಲೆ ಅದಕ್ಕೆ ಹಿಡಿಯಲು ಬೇಕಾದ ಗುರುತೇ ಇಲ್ಲ. ಹಾಗಾಗಿ ಮೀಡಿಯಂಗೆ ಎಲ್‌ಸಿಎ ಹಾಕಿದರೆ ನಮಗೆ ಬೇಡದ ಕೋಶಗಳು ಸತ್ತು, ಬೇಕಾದವು ಉಳಿಯುತ್ತವೆ. ಒಂದು ಪ್ರತಿ ಮಾತ್ರ ಕೆಟ್ಟು ಇನ್ನೊಂದು ಉಳಿದಿರುವ ಕೋಶವೂ ಸಾಯುತ್ತೆ. ಎರಡೂ ಪ್ರತಿ ಹೋದವನ್ನೇ ಇದು ಆರಿಸಿಕೊಡುತ್ತೆ.

ಲೆಕ್ಟಿನ್ನಿಂದ ಚೋ ಕೋಶವನ್ನು ಆರಿಸುವ ಈ ಉಪಾಯ ಹಳೆಯದು. ಪಮೇಲಾ ಸ್ಟ್ಯಾನ್ಲಿ 1970ರ ದಶಕದಿಂದ ಗಿಡಗಳ ಲೆಕ್ಟಿನ್ ಬಳಸಿ ಹಲವು ಚೋ ರೂಪಾಂತರಗಳನ್ನು ಹೆಕ್ಕಿದರು. ಅವಕ್ಕೆ ಲೆಕ್1, ಲೆಕ್2, ಲೆಕ್8 ಅಂತ ಹೆಸರು. ಒಂದರಲ್ಲಿ ಸರಪಳಿ ಮ್ಯಾನೋಸ್ ಹಂತದಲ್ಲೇ ನಿಲ್ಲುತ್ತೆ, ಇನ್ನೊಂದರಲ್ಲಿ ಸಯಾಲಿಕ್ ಇಲ್ಲ, ಮತ್ತೊಂದರಲ್ಲಿ ಗ್ಯಾಲಕ್ಟೋಸ್ ಇಲ್ಲ. ಯಾವ ಜೀನ್ ಏನು ಮಾಡುತ್ತೆ ಅನ್ನೋ ನಮ್ಮ ತಿಳಿವಳಿಕೆಯ ದೊಡ್ಡ ಪಾಲು ಆ ಕೋಶಗಳಿಂದ ಬಂದದ್ದು. ಇಂದಿಗೂ ಅವು ಒಳ್ಳೆಯ ಕಂಟ್ರೋಲ್.

ಮಾಡುವ ರೀತಿ ಹೀಗೆ. ಮೊದಲು ತಾಯಿ ಕೋಶದ ಮೇಲೆ ಸಾವಿನ ಅಳತೆ ಮಾಡಿ. ಸೊನ್ನೆಯಿಂದ ಶುರು ಮಾಡಿ ಮಿಲಿಲೀಟರಿಗೆ ಕೆಲವು ನೂರು ಮೈಕ್ರೋಗ್ರಾಂ ವರೆಗೆ ಬೇರೆ ಬೇರೆ ಪ್ರಮಾಣದ ಎಲ್‌ಸಿಎ ಹಾಕಿ, ಎಷ್ಟರಲ್ಲಿ ಎಲ್ಲವೂ ಸಾಯುತ್ತವೆ ನೋಡಿ. ಮುಂದೆ ಯಾವ ಮೀಡಿಯಂನಲ್ಲಿ ಕೆಲಸ ಮಾಡುತ್ತೀರೋ ಅದರಲ್ಲೇ ಈ ಅಳತೆ ಆಗಬೇಕು. ಸೀರಮ್ ಇದ್ದರೆ ಅದರಲ್ಲಿರುವ ಪ್ರೋಟೀನುಗಳ ಸಕ್ಕರೆಯೇ ಎಲ್‌ಸಿಎಯನ್ನು ಹಿಡಿದುಕೊಳ್ಳುತ್ತೆ, ಕೋಶಕ್ಕೆ ತಲುಪೋದು ಕಮ್ಮಿಯಾಗುತ್ತೆ. ಬೇರೆಯವರ ಪ್ರೋಟೋಕಾಲಿನ ಸಂಖ್ಯೆ ನಿಮ್ಮ ಲ್ಯಾಬಿನಲ್ಲಿ ಹೊಂದದೆ ಇರೋದಕ್ಕೆ ಇದೂ ಒಂದು ಕಾರಣ. ಅಳತೆ ಸಿಕ್ಕ ಮೇಲೆ ಕತ್ತರಿಸಿದ ಕೋಶಗಳಿಗೆ ಅದೇ ಪ್ರಮಾಣ ಹಾಕಿ. ಕೆಲವು ದಿನಗಳಲ್ಲಿ ಹೆಚ್ಚಿನವು ತೇಲಿ ಹೋಗುತ್ತವೆ, ಉಳಿದವು ನಿಧಾನವಾಗಿ ಗುಂಪು ಕಟ್ಟುತ್ತವೆ. ಹೊಳೆಯುವ ಬಣ್ಣ ಜೋಡಿಸಿದ ಎಲ್‌ಸಿಎ ಹಾಕಿ ಫ್ಲೋ ಸೈಟೋಮೀಟರಿನಲ್ಲಿ ನೋಡಿದರೆ ಬಣ್ಣ ಹಿಡಿಯದ ಕೋಶಗಳು ಬೇರೆಯಾಗಿ ನಿಲ್ಲುತ್ತವೆ.

ಎಂಟನೇ ಹೆಜ್ಜೆ: ಒಂದು ಕೋಶದಿಂದ ಒಂದು ಕುಲ

ಉಳಿದ ಕೋಶಗಳೆಲ್ಲ ಒಂದೇ ಥರ ಇರೋದಿಲ್ಲ. ಒಂದೊಂದರಲ್ಲೂ ಕಡಿತ ಬೇರೆ. ಹಾಗಾಗಿ ಒಂದೇ ಕೋಶದಿಂದ ಬೆಳೆದ ಕ್ಲೋನ್ ಬೇಕು. 96 ಗುಳಿಯ ಪ್ಲೇಟಿನಲ್ಲಿ ಗುಳಿಗೆ ಸರಾಸರಿ ಅರ್ಧ ಕೋಶ ಬೀಳುವ ಹಾಗೆ ತೆಳು ಮಾಡಿ ಹಾಕಿ. ಲೆಕ್ಕದ ಪ್ರಕಾರ ಸುಮಾರು 38 ಗುಳಿಗಳಿಗೆ ಕೋಶ ಬೀಳುತ್ತೆ. ಅದರಲ್ಲಿ ಸುಮಾರು ಒಂಬತ್ತಕ್ಕೆ ಒಂದಕ್ಕಿಂತ ಹೆಚ್ಚು ಬಿದ್ದಿರುತ್ತೆ. ಅಂದರೆ ಬೆಳೆದ ನಾಲ್ಕರಲ್ಲಿ ಒಂದನ್ನು ನಂಬುವ ಹಾಗಿಲ್ಲ. ಅದಕ್ಕೇ ಮೊದಲ ದಿನ ಪ್ರತಿ ಗುಳಿಯ ಚಿತ್ರ ತೆಗೆದಿಡಿ, ಇಲ್ಲವೇ ಎರಡನೇ ಸಲ ತೆಳು ಮಾಡಿ.

ಬೆಳೆದ ಕ್ಲೋನಿನ ಜೀನನ್ನು ಓದಿಸಿ. ಮೂರರ ಗುಣಕದಲ್ಲಿ ಅಕ್ಷರ ಹೋಗಿದ್ದರೆ ಓದುವ ಚೌಕಟ್ಟು ಕೆಡೋದಿಲ್ಲ, ಕಿಣ್ವ ಸ್ವಲ್ಪ ಉಳಿಯಬಹುದು. ಅಂಥವನ್ನು ಬಿಡಿ. ಬೆಳವಣಿಗೆಯ ವೇಗ, ಪ್ರೋಟೀನ್ ಇಳುವರಿ ತಾಯಿ ಕೋಶದಷ್ಟೇ ಇರುವ ಮೂರು ನಾಲ್ಕು ಕ್ಲೋನ್ ಉಳಿಸಿಕೊಳ್ಳಿ. ಒಂದೇ ಕ್ಲೋನ್ ನೆಚ್ಚಿಕೊಂಡರೆ, ಕಂಡ ಬದಲಾವಣೆ ಜೀನಿನದಾ ಅಥವಾ ಆ ಕ್ಲೋನಿನ ಸ್ವಭಾವವಾ ಅಂತ ಹೇಳಲು ಆಗೋದಿಲ್ಲ.

ಸೇರಿಸುವ ಕೆಲಸ ಬೇರೆ

ತೆಗೆಯೋದು ಸುಲಭ, ಸೇರಿಸೋದು ಕಷ್ಟ. ಎರಿತ್ರೋಪೊಯೆಟಿನ್ ಥರದ ಪ್ರೋಟೀನಿಗೆ ಮನುಷ್ಯರ ಹಾಗೆ ಆಲ್ಫಾ 2,6 ಸಯಾಲಿಕ್ ಬೇಕು ಅಂದರೆ ಎಸ್‌ಟಿ6ಗ್ಯಾಲ್1 ಜೀನನ್ನು ಕೋಶಕ್ಕೆ ಕೊಡಬೇಕು. ಅದು ಕೆಲಸ ಮಾಡಲು ಮೊದಲು ಗ್ಯಾಲಕ್ಟೋಸ್ ಇರಬೇಕು. ಹಾಗಾಗಿ ಗ್ಯಾಲಕ್ಟೋಸ್ ಸೇರಿಸುವ ಕಿಣ್ವವನ್ನೂ ಹೆಚ್ಚಿಸಬೇಕಾಗಬಹುದು. ಕೋಶದ ಸ್ವಂತ ಆಲ್ಫಾ 2,3 ಕಿಣ್ವಗಳು ಅದೇ ಜಾಗಕ್ಕೆ ಸ್ಪರ್ಧಿಸುತ್ತವೆ. ಮುಖ್ಯವಾದವು ಎಸ್‌ಟಿ3ಗ್ಯಾಲ್4 ಮತ್ತು 6. ಅವನ್ನು ತೆಗೆದರೆ ಚಿತ್ರ ಚೊಕ್ಕವಾಗುತ್ತೆ. ಕೋಪನ್‌ಹೇಗನ್ನಿನ ತಂಡವೊಂದು 2015ರಲ್ಲಿ ಚೋ ಕೋಶದ, ಸಕ್ಕರೆ ಜೋಡಿಸುವ 19 ಗ್ಲೈಕೊಸಿಲ್ ಟ್ರಾನ್ಸ್‌ಫರೇಸ್ ಜೀನುಗಳನ್ನು ಒಂದೊಂದಾಗಿ, ಜೋಡಿಯಾಗಿ ತೆಗೆದು ಯಾವುದು ಏನು ಮಾಡುತ್ತೆ ಅಂತ ತೋರಿಸಿತು. ಈ ದಾರಿ ಹಿಡಿಯುವವರು ಆ ಪ್ರಬಂಧ ಓದದೆ ಹೆಜ್ಜೆ ಇಡಬಾರದು.

ಪರೀಕ್ಷೆಗೆ ಲೆಕ್ಟಿನ್ನುಗಳೇ ಇವೆ. ಎಲ್ಡರ್‌ಬೆರಿ ತೊಗಟೆಯ ಎಸ್‌ಎನ್ಎ ಆಲ್ಫಾ 2,6 ಹಿಡಿಯುತ್ತೆ, ಎಂಎಎಲ್-2 ಆಲ್ಫಾ 2,3 ಹಿಡಿಯುತ್ತೆ.

ಒಂಬತ್ತನೇ ಹೆಜ್ಜೆ: ಅಳೆಯೋದು

ಲೆಕ್ಟಿನ್ ತೋರಿಸೋದು ಕೋಶದ ಮೇಲಿನ ಸಕ್ಕರೆ. ನಿಮಗೆ ಬೇಕಾದದ್ದು ಔಷಧಿಯ ಮೇಲಿನ ಸಕ್ಕರೆ. ಎರಡೂ ಒಂದೇ ಇರಬೇಕಾಗಿಲ್ಲ. ಪ್ರೋಟೀನನ್ನು ಶುದ್ಧ ಮಾಡಿ, ಪಿಎನ್‌ಜಿಯೇಸ್-ಎಫ್ ಕಿಣ್ವದಿಂದ ಸರಪಳಿಗಳನ್ನು ಬಿಡಿಸಿ, 2-ಎಬಿ ಬಣ್ಣ ಕೂಡಿಸಿ, ಸರಪಳಿಗಳನ್ನು ಬೇರೆ ಬೇರೆ ಮಾಡುವ ಎಚ್‌ಐಎಲ್‌ಐಸಿ ಕಾಲಮಿನಲ್ಲಿ ಓಡಿಸಿ. ಆಂಟಿಬಾಡಿಯಾದರೆ ಜಿ0ಎಫ್, ಜಿ1ಎಫ್, ಜಿ2ಎಫ್ ಅಂತ ಶಿಖರಗಳು ಸಾಲಾಗಿ ಬರುತ್ತವೆ. ಜಿ ಪಕ್ಕದ ಅಂಕೆ ಗ್ಯಾಲಕ್ಟೋಸ್ ಎಷ್ಟು ಅಂತ ಹೇಳುತ್ತೆ, ಎಫ್ ಅಂದರೆ ಫ್ಯೂಕೋಸ್. ಎಫ್‌ಯುಟಿ8 ಸರಿಯಾಗಿ ಹೋಗಿದ್ದರೆ ಈ ಎಫ್ ಶಿಖರಗಳು ಮಾಯವಾಗಿ ಜಿ0, ಜಿ1, ಜಿ2 ಮಾತ್ರ ಉಳಿಯಬೇಕು. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ 146 ಡಾಲ್ಟನ್ ಕಮ್ಮಿಯಾದದ್ದು ಕಾಣಬೇಕು. ಈ ಯಂತ್ರ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಚಿಂತೆ ಬೇಡ. ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಕೇಂದ್ರಗಳಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ಸೇವೆ ಹಣ ಕೊಟ್ಟರೆ ಸಿಗುತ್ತೆ. ಬೆಲೆ ಮೊದಲೇ ವಿಚಾರಿಸಿ ಪ್ರಾಜೆಕ್ಟ್ ಬಜೆಟಿನಲ್ಲಿ ಇಡಿ.

ತಾಯಿ ಕೋಶದ ಪ್ರೋಟೀನನ್ನೂ ಅದೇ ದಿನ, ಅದೇ ರೀತಿ ಅಳೆಯಿರಿ. ಒಂದೇ ಬ್ಯಾಚ್ ಸಾಲದು, ಮೂರು ಬ್ಯಾಚ್ ಬೇಕು. ಆಮೇಲೆ ಕೆಲಸದ ಪರೀಕ್ಷೆ. ಎಫ್‌ಸಿ ಗ್ಯಾಮಾ 3ಎ ರಿಸೆಪ್ಟರಿನಲ್ಲಿ 158ನೇ ಜಾಗದಲ್ಲಿ ಕೆಲವರಿಗೆ ವ್ಯಾಲಿನ್, ಕೆಲವರಿಗೆ ಫಿನೈಲ್ ಅಲನಿನ್ ಇರುತ್ತೆ. ಫಿನೈಲ್ ಅಲನಿನ್ ಇರುವವರಲ್ಲಿ ಆಂಟಿಬಾಡಿ ಹಿಡಿಯೋದು ಸಡಿಲ. ಎರಡೂ ರೂಪದ ಮೇಲೆ ಪರೀಕ್ಷಿಸಿ. ಫ್ಯೂಕೋಸ್ ತೆಗೆದದ್ದರಿಂದ ಆ ಸಡಿಲ ರೂಪದವರಿಗೂ ಉಪಯೋಗ ಸಿಗುತ್ತಾ ಅಂತ ನೋಡೋದೇ ಈ ಎಲ್ಲ ಶ್ರಮದ ಉದ್ದೇಶ.

ಬಯೋಸಿಮಿಲರ್ ಮಾಡುವವರಿಗೆ ಒಂದು ಮಾತು

ಈಗಾಗಲೇ ಇರುವ ಜೈವಿಕ ಔಷಧಿಯನ್ನು ಹೋಲುವ ಔಷಧಿಯೇ ಬಯೋಸಿಮಿಲರ್. ನಮ್ಮ ರಾಜ್ಯದಲ್ಲಿ ಆ ಕೆಲಸ ಜಾಸ್ತಿ. ನಮ್ಮ ಎಷ್ಟೋ ಹುಡುಗರು ಓದು ಮುಗಿಸಿ ಹೋಗೋದು ಅಲ್ಲಿಗೇ. ಅಲ್ಲಿ ನಿಯಮ ತಿರುವುಮುರುವು. ಭಾರತದ 2012ರ ಮಾರ್ಗಸೂಚಿ, ಅದರ 2016ರ ಪರಿಷ್ಕರಣೆ, ಎರಡೂ ಕೇಳೋದು ಮೂಲ ಔಷಧಿಗೆ ಹೋಲಿಕೆ. ಮೂಲ ಔಷಧಿಯಲ್ಲಿ ಫ್ಯೂಕೋಸ್ ಇದ್ದರೆ ನಿಮ್ಮದರಲ್ಲೂ ಅಷ್ಟೇ ಇರಬೇಕು. ಅಲ್ಲಿ ಎಫ್‌ಯುಟಿ8 ತೆಗೆದರೆ ಅದು ಹೊಸ ಔಷಧಿಯಾಗುತ್ತೆ, ಅದರ ಪರೀಕ್ಷೆಗಳ ದಾರಿಯೂ ಪೂರ್ತಿ ಬೇರೆ. ಇಲ್ಲಿ ಮೂರನೇ ಹೆಜ್ಜೆಯ ಮೀಡಿಯಂ ಕೆಲಸವೇ ಮುಖ್ಯ ಸಾಧನ. ಸಕ್ಕರೆಯನ್ನು ಒಂದೆರಡು ಶೇಕಡಾ ಮೇಲೆ ಕೆಳಗೆ ಮಾಡಿ ಮೂಲಕ್ಕೆ ಹೊಂದಿಸಬೇಕು.

ನಾಲ್ಕು ತಿಂಗಳಲ್ಲಿ ಎಷ್ಟು ಸಾಧ್ಯ?

ಎಂಎಸ್ಸಿ ಪ್ರಾಜೆಕ್ಟಿಗೆ ಸಾಮಾನ್ಯವಾಗಿ ಸಿಗೋದು ನಾಲ್ಕರಿಂದ ಆರು ತಿಂಗಳು. ಅದರಲ್ಲಿ ಎಫ್‌ಯುಟಿ8 ಕತ್ತರಿಸಿ, ಎಲ್‌ಸಿಎಯಲ್ಲಿ ಆರಿಸಿ, ಕ್ಲೋನ್ ಮಾಡಿ, ಜೀನ್ ಓದಿಸೋದು ಆರಾಮಾಗಿ ಆಗುತ್ತೆ. ಆಂಟಿಬಾಡಿ ಮಾಡುವ ಕೋಶ ಲ್ಯಾಬಿನಲ್ಲಿ ಮೊದಲೇ ಇದ್ದರೆ ಸಕ್ಕರೆಯ ಅಳತೆಯೂ ಸೇರುತ್ತೆ. ಸಯಾಲಿಕ್ ಸೇರಿಸುವ ಕೆಲಸವನ್ನು ಈ ಅವಧಿಗೆ ಒಪ್ಪಿಕೊಳ್ಳಬೇಡಿ, ಅದು ಪಿಎಚ್‌ಡಿಯ ಕೆಲಸ. ಬೆಂಗಳೂರಿಗೆ ಹೊರಡುವ ಮುಂಚಿನ ರಜೆಯಲ್ಲಿ ಮೊದಲ ಹೆಜ್ಜೆಯ ಹಾಳೆ, ಐದನೇ ಹೆಜ್ಜೆಯ ಗೈಡ್ ಪಟ್ಟಿ, ಪಿಸಿಆರ್ ಪ್ರೈಮರ್‌ಗಳ ಪಟ್ಟಿ ಮೂರನ್ನೂ ಮನೆಯಲ್ಲೇ ಮುಗಿಸಿ. ಲ್ಯಾಬಿಗೆ ಬರೆಯುವ ಮೊದಲ ಮೇಲ್‌ನಲ್ಲಿ ಆ ಹಾಳೆಯನ್ನು ಸೇರಿಸಿ ಕಳಿಸಿ. ಅದರಲ್ಲೇ ಎರಡು ಪ್ರಶ್ನೆ ಕೇಳಿಬಿಡಿ: ಮೈಕೋಪ್ಲಾಸ್ಮಾ ಇಲ್ಲದ ಚೋ ಕೋಶ ಇದೆಯಾ, ಎಚ್‌ಐಎಲ್‌ಐಸಿ ಯಂತ್ರದಲ್ಲಿ ಸಮಯ ಸಿಗುತ್ತಾ.